ಮುಂದಕ್ಕೆ ಹಾಕಿದ ನಿದ್ದೆ

ಈ ದೇಶದಲ್ಲಿ ಮಾರ್ಚ್ ತಿಂಗಳ ಒಂದು ಭಾನುವಾರ, ಎಲ್ಲರೂ ಮಲಗಿರುವ ಹೊತ್ತಿನಲ್ಲಿ, ಒಂದು ಗಂಟೆಯನ್ನು ತೆಗೆದುಬಿಡುತ್ತಾರೆ. ಬೆಳಿಗ್ಗೆ ಎದ್ದರೆ ಆರಾಗಬೇಕಾದ ಹೊತ್ತಿಗೆ ಏಳು. ಆ ಗಂಟೆ ನಮಗೆ ವಾಪಸ್ ಸಿಗುವುದು ನವೆಂಬರಿನಲ್ಲಿ. ಹೊಸದಾಗಿ ಬಂದಾಗ ನನಗೆ ಇದೊಂದು ತಮಾಷೆಯಾಗಿತ್ತು. ಮೈಸೂರಿಗೆ ಫೋನ್ ಮಾಡಿ ಹೇಳಿದರೆ ಅಪ್ಪ, "ಸೂರ್ಯನಿಗೂ ಒಂದು ಮಾತು ತಿಳಿಸಿದ್ದಾರೇನಮ್ಮ?" ಎಂದು ಕೇಳಿ ತಾವೇ ನಗುತ್ತಿದ್ದರು. ಮಗಳಿಗೆ ಐದು ತುಂಬಿದ ವರ್ಷದಿಂದ ನಮ್ಮ ಮನೆಯಲ್ಲಿ ಆ ಭಾನುವಾರದ ಬಗ್ಗೆ ಯಾರೂ ನಗುವುದಿಲ್ಲ.

ಆ ವರ್ಷ ಗಡಿಯಾರ ಬದಲಾದ ಮರುದಿನ, ಸೋಮವಾರ ಬೆಳಿಗ್ಗೆ, ಅವಳನ್ನು ಸ್ಕೂಲಿಗೆ ಎಬ್ಬಿಸಿದೆ. ಎದ್ದಳು. ಮಂಚದ ಅಂಚಿನಲ್ಲಿ ಕೂತು ಒಂದು ಕಾಲಿಗೆ ಕಾಲುಚೀಲ ಹಾಕಿಕೊಂಡಳು. ಇನ್ನೊಂದನ್ನು ಕೈಯಲ್ಲಿ ಹಿಡಿದು ಗೋಡೆ ನೋಡುತ್ತಾ ಕೂತಳು. "ಬೇಗ ಹಾಕ್ಕೋ ಪುಟ್ಟಿ" ಎಂದು ಗದರಿ ನಾನು ಅವಳ ಬ್ಯಾಗಿಗೆ ಡಬ್ಬಿ ತುಂಬಲು ತಿರುಗಿದೆ. ಮತ್ತೆ ನೋಡಿದಾಗ ಅವಳು ಕಾರ್ಪೆಟ್ ಮೇಲಿದ್ದಳು. ಕೈಕಾಲು ಸೆಟೆದುಕೊಂಡು ಅದುರುತ್ತಿದ್ದವು, ಕಣ್ಣುಗುಡ್ಡೆ ಮೇಲೆ ಹೋಗಿ ಬರೀ ಬಿಳಿ ಕಾಣುತ್ತಿತ್ತು. ಗಂಡ ಆಂಬುಲೆನ್ಸಿಗೆ ಫೋನ್ ಮಾಡಿದ. ಅಡುಗೆಮನೆಯಿಂದ ಓಡಿಬಂದ ಅತ್ತೆ, ಬಾಗಿಲ ಪಕ್ಕದ ಮೊಳೆಯಲ್ಲಿದ್ದ ಕೀ ಗೊಂಚಲನ್ನು ಕಿತ್ತು ತಂದು ಮಗುವಿನ ಮುಷ್ಟಿಯೊಳಗೆ ತುರುಕಿದರು. ಫಿಟ್ಸು ಬಂದವರ ಕೈಗೆ ಕಬ್ಬಿಣ ಕೊಟ್ಟರೆ ನಿಲ್ಲುತ್ತದೆ ಎಂಬ ನಂಬಿಕೆ ನಮ್ಮ ಮೈಸೂರಿನಲ್ಲೂ ಇದೆ, ಅವರ ಧಾರವಾಡದಲ್ಲೂ ಇದೆ. ನಾನು ಆ ಕೀಗಳನ್ನು ಕಸಿದು ಬಿಸಾಡಿ, ಅವರ ಮೇಲೆ ಬಾಯಿಗೆ ಬಂದಂತೆ ಕೂಗಾಡಿದೆ. ಅವರು ಬಗ್ಗಿ ಕೀಗಳನ್ನು ಹೆಕ್ಕಿಕೊಂಡರು.

ಮೊದಲ ಸಲ ಬಂದದ್ದು ಒಂದೇ ಸಲಕ್ಕೆ ನಿಂತುಹೋಗಲೂಬಹುದು ಎಂದು ಆಸ್ಪತ್ರೆಯಲ್ಲಿ ಸಮಾಧಾನ ಹೇಳಿ ಕಳಿಸಿದರು. ನಿಲ್ಲಲಿಲ್ಲ. ಬೇಸಿಗೆ ರಜೆಗೆ ಬೆಂಗಳೂರಿಗೆ ಹೋಗಿಬಂದು, ಹಗಲು ರಾತ್ರಿಗಳು ತಲೆಕೆಳಗಾಗಿದ್ದ ವಾರದಲ್ಲಿ ಎರಡನೆಯದು ಬಂತು. ಆಗ ನಮಗೆ ಸಿಕ್ಕಿದ ಮಕ್ಕಳ ನರರೋಗದ ಡಾಕ್ಟರು ತೆಳ್ಳಗಿನ, ನಿಧಾನವಾಗಿ ಮಾತಾಡುವ ಹೆಂಗಸು. ಆಕೆ ಹೇಳಿದ್ದು ಇಷ್ಟು. ಈ ಮಗುವಿನ ಮಿದುಳು ಬೇರೆಲ್ಲವನ್ನೂ ಸಹಿಸುತ್ತದೆ, ನಿದ್ದೆಗೇಡನ್ನು ಸಹಿಸುವುದಿಲ್ಲ. ಬೆಳಿಗ್ಗೆ ಸಂಜೆ ಸಿರಪ್ಪು ಕೊಡಿ, ಅದರಷ್ಟೇ ಕಟ್ಟುನಿಟ್ಟಾಗಿ ನಿದ್ದೆ ಕೊಡಿ. ಮತ್ತೆ, ನೀರಿಗೆ ಇಳಿಸಬೇಡಿ. ನೀರಿನಲ್ಲಿದ್ದಾಗ ಬಂದರೆ ಪಕ್ಕದಲ್ಲಿರುವವರಿಗೂ ಗೊತ್ತಾಗುವುದಿಲ್ಲ.

ಈ ಕೊನೆಯ ಮಾತು ಮಗಳಿಗೆ ಅರ್ಥವಾಗದ ಭಾಷೆಯಲ್ಲಿ ಹೇಳಿದ್ದರೆ ಚೆನ್ನಾಗಿತ್ತು. ಮೌಂಟನ್ ವ್ಯೂನ ನಮ್ಮ ಅಪಾರ್ಟ್‌ಮೆಂಟಿನ ಕಿಟಕಿ ತೆಗೆದರೆ ಕೆಳಗೇ ಈಜುಕೊಳ. ಅವಳಿಗೆ ನಡೆಯಲು ಬರುವ ಮುಂಚಿನಿಂದ ಆ ನೀರಿನ ಹುಚ್ಚು. ಅಂದಿನಿಂದ ಅವಳು ಕಿಟಕಿಯ ಗಾಜಿಗೆ ಮೂಗು ಒತ್ತಿಕೊಂಡು, ಪಕ್ಕದ ಮನೆಯ ಮಕ್ಕಳು ನೀರಿಗೆ ಧುಮುಕುವುದನ್ನು ನೋಡುತ್ತಾ ನಿಲ್ಲುತ್ತಿದ್ದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು, ಸುಮ್ಮನೆ ನಿಂತವಳನ್ನು ಏನು ಮಾಡುವುದು.

ಜನವರಿಯಲ್ಲಿ ತೋರಿಸಲು ಹೋದಾಗ, ಬೇಸಿಗೆಯಿಂದ ಒಂದೂ ಬಂದಿರಲಿಲ್ಲವೆಂದು ಡಾಕ್ಟರಿಗೆ ಖುಷಿಯಾಯಿತು. "ಮಾರ್ಚಿನ ಗಡಿಯಾರ ದಾಟಲಿ. ತೊಂದರೆಯಿಲ್ಲದೆ ದಾಟಿದರೆ, ಏಪ್ರಿಲ್‌ನಲ್ಲಿ ಅಮ್ಮನ ಕೈ ಹಿಡಿದುಕೊಂಡು ನೀರಿಗಿಳಿಯಬಹುದು" ಎಂದು ಮಗಳ ಮುಖ ನೋಡಿಯೇ ಹೇಳಿದರು. ಮಗಳು ಮನೆಗೆ ಬಂದವಳೇ ಬೀರುವಿನಿಂದ ತನ್ನ ನೀಲಿ ಈಜುಡುಗೆ ಹುಡುಕಿ ತೆಗೆದಳು. ಒಂದು ವರ್ಷದಲ್ಲಿ ಬೆಳೆದಿದ್ದಳು, ಭುಜದ ಹತ್ತಿರ ಬಿಗಿಯಾಗುತ್ತಿತ್ತು. ಆದರೂ ಮನೆಯಲ್ಲಿ ಪೈಜಾಮದ ಮೇಲೆ ಅದನ್ನೇ ಏರಿಸಿಕೊಂಡು ತಿರುಗಾಡತೊಡಗಿದಳು. "ಆಫ್ಟರ್ ದ ಕ್ಲಾಕ್, ರೈಟ್?" ಎಂದು ದಿನಕ್ಕೊಮ್ಮೆ ನನ್ನನ್ನು ಕೇಳುವಳು. "ಹೌದು, ಗಡಿಯಾರ ಆದ್ಮೇಲೆ" ಎಂದು ನಾನು ಹೇಳುವೆ.

ಅತ್ತೆಯ ಬಗ್ಗೆ ಹೇಳಬೇಕು. ಮಾವ ಹೋದ ಮೇಲೆ ಅವರು ನಮ್ಮ ಜೊತೆಗೇ ಇದ್ದಾರೆ. ಹೇಳಿದ್ದನ್ನು ಹೇಳಿದಂತೆ ಮಾಡುವ ಜನ. ಸಿರಪ್ಪಿನ ಪುಟ್ಟ ಅಳತೆಯ ಲೋಟವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಕನ್ನಡಕ ಸರಿಮಾಡಿಕೊಂಡು ನೋಡಿಯೇ ಕೊಡುವರು. ಆದರೆ ಕಾಯಿಲೆಯ ಹೆಸರನ್ನು ಮಾತ್ರ ಬಾಯಿಂದ ಆಡುತ್ತಿರಲಿಲ್ಲ. "ಅದು" ಎನ್ನುವರು. "ಅದು ಮತ್ತ ಬರಬಾರದು ನೋಡು." ಕೊನೆಗೆ ನಾವೆಲ್ಲರೂ "ಅದು" ಎನ್ನುವುದನ್ನೇ ರೂಢಿ ಮಾಡಿಕೊಂಡೆವು. ಮನೆಯಲ್ಲಿ ಎಲ್ಲಾದರೂ ಒಂದು ಚಮಚ ಕೆಳಗೆ ಬಿದ್ದರೆ ಸಾಕು, ಮೂರು ಜನ ದೊಡ್ಡವರೂ ಕೆಲಸ ಬಿಟ್ಟು ಮಗುವಿನ ಕಡೆ ತಿರುಗುತ್ತಿದ್ದೆವು.

ನಮ್ಮ ಮನೆಯ ಕನ್ನಡವೂ ಎರಡು. ನನಗೆ ಗಂಟೆಯಾದದ್ದು ಅವರಿಗೆ ತಾಸು, ನನ್ನ ಬೇಗ ಅವರ ಲಗೂ. ಶುರುವಿನಲ್ಲಿ ನಾನು ಅವರ ಮಾತನ್ನು ಆಡಿಕೊಂಡದ್ದೂ ಉಂಟು, ಅವರು ನನ್ನ "ಹೋಗ್ಬಿಟ್ಟು ಬಂದ್ಬಿಟ್ಟು"ಗಳನ್ನು ಅಣಕಿಸಿದ್ದೂ ಉಂಟು. ಮಗಳು ಇಬ್ಬರ ಮಾತೂ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುವಳು. ಅಪಾರ್ಥ ಆಗುವುದಿದ್ದರೆ ಇಂಥ ಬೇರೆ ಬೇರೆ ಪದಗಳಲ್ಲಿ ಆದೀತು ಎಂದು ನಾನು ಎಣಿಸಿದ್ದೆ. ಇಬ್ಬರಿಗೂ ಒಂದೇ ಆದ ಪದದ ಮೇಲೆ ನನಗೆ ಅನುಮಾನವೇ ಇರಲಿಲ್ಲ.

ಮಾರ್ಚ್ ಹತ್ತಿರವಾಯಿತು. ಸ್ಕೂಲಿನಿಂದ ಹೂವಿನ ಚಿತ್ರ ಹಾಕಿದ ಈಮೇಲು ಬಂತು, ಗಡಿಯಾರ ಬದಲಾಗುತ್ತದೆ, ಮರೆಯಬೇಡಿ ಎಂದು. ಕನ್ನಡದ ಅಮ್ಮಂದಿರ ವಾಟ್ಸಾಪ್ ಗುಂಪಿನಲ್ಲಿ ಮಕ್ಕಳನ್ನು ಮಲಗಿಸುವ ಉಪಾಯಗಳು ಹರಿದಾಡಿದವು. ಒಬ್ಬಾಕೆ ಹಾಲಿಗೆ ಜಾಯಿಕಾಯಿ ತೇದು ಹಾಕಿ ಎಂದಳು, ಇನ್ನೊಬ್ಬಾಕೆ ಎರಡು ದಿನ ಗೋಳಾಡಿ ಮೂರನೇ ದಿನ ತಾವೇ ಸರಿಹೋಗುತ್ತವೆ ಬಿಡಿ ಎಂದಳು. ಅವರ ಮಕ್ಕಳಿಗೆ ಅದೊಂದು ರಗಳೆ, ಅಷ್ಟೇ. ನನಗೆ ಅದು ಬರೀ ರಗಳೆಯಾಗಿರಲಿಲ್ಲ. ಇದನ್ನು ಅವರಿಗೆ ಹೇಳಲೂ ಆಗುವುದಿಲ್ಲ, ಏಕೆಂದರೆ ಮಗಳ ಕಾಯಿಲೆಯ ವಿಷಯ ಗುಂಪಿನಲ್ಲಿ ನಾನು ಬಾಯಿ ಬಿಟ್ಟಿರಲಿಲ್ಲ.

ಡಾಕ್ಟರು ದಾರಿ ಹೇಳಿಕೊಟ್ಟಿದ್ದರು. ಒಂದು ಗಂಟೆಯನ್ನು ಒಂದೇ ಏಟಿಗೆ ಎಳೆಯಬೇಡಿ. ಬುಧವಾರದಿಂದ ಶುರುಮಾಡಿ, ದಿನಕ್ಕೆ ಕಾಲು ಗಂಟೆಯಂತೆ ಬೇಗ ಮಲಗಿಸಿ, ಬೆಳಿಗ್ಗೆ ಕಾಲು ಗಂಟೆ ಬೇಗ ಎಬ್ಬಿಸಿ. ಸಂಜೆ ಪರದೆ ಎಳೆದು ಕತ್ತಲು ಮಾಡಿ, ಬೆಳಿಗ್ಗೆ ಎದ್ದೊಡನೆ ಬಿಸಿಲಿಗೆ ಕರೆದುಕೊಂಡು ಹೋಗಿ. ಭಾನುವಾರ ಗಡಿಯಾರ ಬದಲಾಗುವ ಹೊತ್ತಿಗೆ ಅವಳ ಮೈ ಆಗಲೇ ಅಲ್ಲಿ ತಲುಪಿರುತ್ತದೆ. ಅವಳ ಕೈ ತಾನಾಗಿ ಜಗ್ಗಿ ಹಿಡಿದದ್ದು ಬಿದ್ದರೆ ಅದು ಮುನ್ಸೂಚನೆ, ಕೂಡಲೇ ನನಗೆ ಫೋನ್ ಮಾಡಿ.

ಸರಿಯಾಗಿ ಆ ವಾರವೇ ಗಂಡನನ್ನು ಅವನ ಆಫೀಸು ಬೆಂಗಳೂರಿಗೆ ಅಟ್ಟಿತು. ಆ ವಾರವೇ ನನ್ನ ಲ್ಯಾಬಿನಲ್ಲಿ ಒಂದು ಬ್ಯಾಚು ಮುಗಿಯುವ ಹಂತಕ್ಕೆ ಬಂತು. ನಾನು ಸೌತ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಔಷಧಕ್ಕೆ ಬೇಕಾದ ಜೀವಕೋಶಗಳನ್ನು ದೊಡ್ಡ ಸ್ಟೀಲಿನ ಟ್ಯಾಂಕಿನಲ್ಲಿ ಬೆಳೆಸುವ ಕೆಲಸ ಮಾಡುತ್ತೇನೆ. ಅವಕ್ಕೆ ಶನಿವಾರವಿಲ್ಲ, ಹಬ್ಬವಿಲ್ಲ, ಕಾಯಿಲೆಯ ಮಗುವಿಲ್ಲ. ಮಗಳನ್ನು ಬೆಳಿಗ್ಗೆ ಸ್ಕೂಲಿಗೆ ಬಿಟ್ಟು ಟ್ರೇನು ಹತ್ತಿದರೆ, ಮತ್ತೆ ಮನೆ ಸೇರುವಾಗ ಅವಳು ಮಲಗಿಯಾಗಿರುತ್ತಿತ್ತು. ಎಬ್ಬಿಸುವುದು ನನ್ನ ಪಾಲಿಗೆ, ಮಲಗಿಸುವುದು ಅತ್ತೆಯ ಪಾಲಿಗೆ ಎಂದಾಯಿತು.

ಬುಧವಾರ ಬೆಳಿಗ್ಗೆ ಅವರು ಅವಲಕ್ಕಿಗೆ ಒಗ್ಗರಣೆ ಹಾಕುತ್ತಿದ್ದರು. ನಾನು ಒಂದು ಕಾಲಿಗೆ ಷೂ ಹಾಕಿಕೊಂಡು ಇನ್ನೊಂದನ್ನು ಹುಡುಕುತ್ತಿದ್ದೆ.

"ಅತ್ತೆ, ಭಾನುವಾರ ಗಡಿಯಾರ ಒಂದು ಗಂಟೆ ಮುಂದಕ್ಕೆ ಹಾಕ್ತಾರಲ್ಲ, ಅದಕ್ಕೆ ಇವತ್ತಿಂದ ಇವಳು ಮಲಗೋ ಟೈಮನ್ನೂ ದಿನಾ ಕಾಲು ಗಂಟೆ ಮುಂದಕ್ಕೆ ಹಾಕ್ತಾ ಹೋಗಿ."

ಸೌಟು ನಿಂತಿತು. "ಮುಂದಕ್ಕ? ದಿನಾ?"

"ಹೂಂ, ದಿನಾ. ಒಂದಿನಾನೂ ತಪ್ಪಿಸ್ಬಾರದು. ಡಾಕ್ಟರ್ ಹೇಳಿದ್ದಾರೆ."

"ಡಾಕ್ಟರ್ ಹೇಳಿದ್ರ ಆತು ಬಿಡು" ಎಂದು ಅವರು ಒಗ್ಗರಣೆಗೆ ಅವಲಕ್ಕಿ ಸುರಿದರು. ನನಗೆ ಷೂ ಸಿಕ್ಕಿತು. ಒಂದು ಚಿಂತೆ ಕಳೆಯಿತು ಎಂದುಕೊಂಡು ಮಗಳ ಕೈ ಹಿಡಿದು ಹೊರಟೆ.

ಗುರುವಾರ ಬೆಳಿಗ್ಗೆ ಎಬ್ಬಿಸಿದಾಗ ಅವಳು ಒಂದೇ ಕೂಗಿಗೆ ಏಳಲಿಲ್ಲ. ಮುಖ ತೊಳೆಸಿ, ಬಿಸಿಲು ತೋರಿಸಲೆಂದು ಈಜುಕೊಳದ ಪಕ್ಕದ ಬೆಂಚಿಗೆ ಕರೆದುಕೊಂಡು ಹೋದೆ. ನನ್ನ ತೋಳಿಗೆ ತಲೆಯಾನಿಸಿ ಕೂತೇ ತೂಕಡಿಸಿದಳು. ಹೊಂದಿಕೊಳ್ಳುತ್ತಿದೆ ಮೈ, ಮೊದಮೊದಲು ಹೀಗೇ ಎಂದು ನನಗೆ ನಾನೇ ಹೇಳಿಕೊಂಡೆ. ಅಂದು ರಾತ್ರಿ ಟ್ರೇನಿನಿಂದ ಮನೆಗೆ ಫೋನ್ ಮಾಡಿದರೆ ಅತ್ತೆ ಬಲು ಹುರುಪಿನಲ್ಲಿದ್ದರು.

"ಈ ವಾರ ಕೂಸಿನ ಜೋಡಿ ಛಲೋ ಹೊತ್ತು ಹೋಗ್ಲಿಕತ್ತದ ನೋಡು. ಚೌಕಾಬಾರ ಕಲಿಸೀನಿ. ನನ್ನ ಕಾಯಿನs ಹೊಡೀತಾಳ."

"ಟೈಮಿಗೆ ಮಲಗಿಸಿದ್ರಾ?"

"ನೀ ಹೇಳಿದ ಹಂಗ, ಒಂದು ನಿಮಿಷ ಆಚೀಚಿ ಇಲ್ಲ."

ಅವರ ಮಾತಿನ ಮೇಲೆ ನನಗೆ ಯಾವತ್ತೂ ಅಪನಂಬಿಕೆ ಬಂದಿಲ್ಲ. ಆಗಲೂ ಬರಲಿಲ್ಲ. ಆ ಹುರುಪಿನ ಹಿಂದೆ ಏನಿದೆ ಎಂದು ಕೇಳುವಷ್ಟು ತ್ರಾಣ ನನ್ನಲ್ಲಿ ಇರಲಿಲ್ಲ.

ಶುಕ್ರವಾರ ಬೆಳಿಗ್ಗೆ ಹಾಲಿನ ಲೋಟ ಬಿತ್ತು. ಅವಳ ಕೈ ಮೇಜಿನ ಮೇಲಿತ್ತು, ಲೋಟ ಕೈಯಲ್ಲಿತ್ತು, ಯಾರೋ ಮೊಣಕೈಗೆ ತಟ್ಟಿದಂತೆ ಕೈ ಎಗರಿ ಹಾಲು ಗೋಡೆಗೆ ಹಾರಿತು. ಅವಳು ತನ್ನ ಕೈಯನ್ನೇ ಬೆರಗಿನಿಂದ ನೋಡಿಕೊಂಡಳು. "ಐ ಡಿಡ್ ನಾಟ್ ಡೂ ಇಟ್" ಎಂದಳು. ನಾನು ಬೈಯುತ್ತೇನೆಂದು ಹೆದರಿದ್ದಳು. ಅತ್ತೆ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಇಬ್ಬರೂ ಒಟ್ಟಿಗೇ ಬಟ್ಟೆ ತರಲು ಎದ್ದೆವು.

ಡಾಕ್ಟರ ಆಫೀಸಿಗೆ ಫೋನ್ ಮಾಡಿದೆ. ಅವರು ಬೇರೆ ರೋಗಿಯ ಬಳಿ ಇದ್ದರು, ನರ್ಸು ಮಾತಾಡಿದಳು. ಒಂದೇ ಸಲ ಆಗಿದ್ದರೆ ಗಮನವಿಟ್ಟು ನೋಡುತ್ತಿರಿ, ಮತ್ತೆ ಆದರೆ ಕರೆದುಕೊಂಡು ಬನ್ನಿ ಎಂದಳು. ಆಮೇಲೆ ಕೇಳಿದಳು, "ನಿದ್ದೆ ಸಾಕಷ್ಟು ಆಗುತ್ತಿದೆಯೇ?"

"ಆಗುತ್ತಿದೆ, ಎಂದಿನಷ್ಟೇ ಪೂರ್ತಿ ನಿದ್ದೆ" ಎಂದೆ. ಅಷ್ಟು ಖಚಿತವಾಗಿ ಆ ವಾರ ನಾನು ಬೇರೇನನ್ನೂ ಹೇಳಿರಲಿಲ್ಲ.

ಮಧ್ಯಾಹ್ನ ಟೀಚರ ಸಂದೇಶ ಬಂತು, ಕಥೆ ಓದುವ ಹೊತ್ತಿನಲ್ಲಿ ಮಗು ಜಮಖಾನೆಯ ಮೇಲೆ ನಿದ್ದೆಹೋಗಿದ್ದಳು, ಮನೆಯಲ್ಲಿ ಎಲ್ಲ ಸರಿಯಿದೆಯೇ ಎಂದು. ಲ್ಯಾಬಿನಲ್ಲಿ ಟ್ಯಾಂಕಿನ ಮುಂದೆ ನಿಂತು ನಾನು ಅದನ್ನು ಮತ್ತೆ ಮತ್ತೆ ಓದಿದೆ. ಬೇಗ ಮಲಗುತ್ತಿದ್ದಾಳೆ, ಆದರೂ ನಿದ್ದೆ ಸಾಲುತ್ತಿಲ್ಲ. ಹಾಗಾದರೆ ಒಳಗೆ ಬೇರೇನೋ ನಡೆಯುತ್ತಿದೆ. ಔಷಧ ಕೈಬಿಟ್ಟಿದೆ. ಕಾಯಿಲೆ ಬೆಳೆಯುತ್ತಿದೆ. ನನ್ನ ತಲೆ ಇಂಥ ದಾರಿಗಳಲ್ಲೇ ಓಡಿತು. ನೇರವಾದ ದಾರಿ ಹೊಳೆಯಲೇ ಇಲ್ಲ.

ಅತ್ತೆಯ ತಲೆ ಅವರ ದಾರಿಯಲ್ಲಿ ಓಡಿತ್ತು. ಅಂದು ಸಂಜೆ ಅವರು ಮಗುವಿಗೆ ದೃಷ್ಟಿ ತೆಗೆದರು. ಉಪ್ಪು, ಒಣಮೆಣಸಿನಕಾಯಿ ನೀವಾಳಿಸಿ ಒಲೆಯ ಮೇಲಿನ ಬಾಣಲೆಗೆ ಹಾಕಿದ್ದೇ ತಡ, ಹೊಗೆಯ ಅಲಾರಮ್ಮು ಇಡೀ ಅಪಾರ್ಟ್‌ಮೆಂಟು ಎದ್ದು ಕೂರುವಂತೆ ಕಿರುಚಿತಂತೆ. ಪಕ್ಕದ ಮನೆಯ ಚೀನೀ ಮುದುಕ ಬಂದು ಕುರ್ಚಿ ಹತ್ತಿ ಅದನ್ನು ನಿಲ್ಲಿಸಿ ಹೋದನಂತೆ. ನಾನು ಬಂದಾಗ ಮನೆಯೆಲ್ಲ ಘಾಟು. ಬೇರೆ ದಿನವಾಗಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ.

"ಎಷ್ಟು ಮೆಣಸಿನಕಾಯಿ ಹಾಕಿದ್ರೂ ಒಂದು ಕೆಮ್ಮು ಬರಲಿಲ್ಲ, ಅಷ್ಟು ದೃಷ್ಟಿ" ಎಂದರು ಅತ್ತೆ.

"ಕೆಮ್ಮು ಬರೋಕ್ಕೆ ಮುಂಚೆ ಅಲಾರಮ್ಮು ಬಂತಲ್ಲ" ಎಂದೆ. ಅವರೂ ನಗಲಿಲ್ಲ.

ಶನಿವಾರ ಬೆಳಿಗ್ಗೆ ಕೈ ಎರಡು ಸಲ ಜಗ್ಗಿತು. ಮೊದಲು ಹಲ್ಲುಜ್ಜುವ ಬ್ರಷ್ಷು, ಆಮೇಲೆ ಚಮಚ. ಡಾಕ್ಟರಿಗೆ ಸಂದೇಶ ಬಿಟ್ಟೆ. ಸೋಮವಾರ ಬೆಳಿಗ್ಗೆ ಮೊದಲ ಹೊತ್ತಿಗೇ ಕರೆತನ್ನಿ ಎಂದು ಉತ್ತರ ಬಂತು, ನಿದ್ದೆ ಮಾತ್ರ ಯಾವ ಕಾರಣಕ್ಕೂ ಕಡಿಮೆಯಾಗಬಾರದು ಎಂದೂ ಇತ್ತು. ಬ್ಯಾಚನ್ನು ಟ್ಯಾಂಕಿನಿಂದ ಇಳಿಸುವ ದಿನ ಅದು, ಹೋಗದೆ ವಿಧಿಯಿರಲಿಲ್ಲ. ಹೊರಡುವಾಗ ನೋಡಿದರೆ ಬಾಗಿಲ ಪಕ್ಕದ ಮೊಳೆಯಲ್ಲಿ ಕೀ ಗೊಂಚಲಿಲ್ಲ. ಅತ್ತೆಯ ಸ್ವೆಟರಿನ ಜೇಬು ಭಾರವಾಗಿ ಜೋತಿತ್ತು. ನಾನು ಕೇಳಲಿಲ್ಲ, ಬೇರೆ ಕೀ ತೆಗೆದುಕೊಂಡು ಹೋದೆ.

ರಾತ್ರಿ ಬಂದಾಗ ನಡುಮನೆಯಲ್ಲಿ ಕಾಗದದ ಮೇಲೆ ಬರೆದ ಚೌಕಾಬಾರದ ಮನೆ ಇನ್ನೂ ಹಾಸಿಯೇ ಇತ್ತು, ಕವಡೆಗಳು ಕಾರ್ಪೆಟ್ ಮೇಲೆ ಚೆಲ್ಲಿದ್ದವು. ಯಾವ ಸಾಮಾನನ್ನೂ ಎತ್ತಿಡದೆ ಬಿಡುವವರಲ್ಲ ಅತ್ತೆ. ಮಗಳ ಕೋಣೆಗೆ ಇಣುಕಿದೆ. ಕಣ್ಣು ಅರ್ಧ ಮುಚ್ಚಿತ್ತು, ರೆಪ್ಪೆ ಪಟಪಟ ಅನ್ನುತ್ತಿತ್ತು. ನನ್ನ ಸದ್ದಿಗೆ ಎಚ್ಚರವಾಯಿತೇನೋ ಎಂದು ತುದಿಗಾಲಲ್ಲಿ ವಾಪಸ್ ಬಂದೆ.

ಭಾನುವಾರ ಬಂತು. ಫೋನಿನ ಗಡಿಯಾರ ತಾನಾಗಿಯೇ ಒಂದು ಗಂಟೆ ಹಾರಿತ್ತು. ನಡುಮನೆಯ ಗೋಡೆಯ ಗಡಿಯಾರ ಹಳೆಯ ಹೊತ್ತನ್ನೇ ತೋರಿಸುತ್ತಿತ್ತು, ಏಣಿ ಹಾಕಿ ಅದನ್ನು ತಿದ್ದುವವನು ಬೆಂಗಳೂರಿನಲ್ಲಿದ್ದ. ಹೊಸ ಹೊತ್ತಿನ ಏಳಕ್ಕೆ ಮಗಳನ್ನು ಎಬ್ಬಿಸಿದೆ. ಅವಳು ಕಣ್ಣು ಉಜ್ಜುತ್ತಾ ಹೋಗಿ ಪೈಜಾಮದ ಮೇಲೆ ನೀಲಿ ಉಡುಗೆ ಏರಿಸಿಕೊಂಡು ಕಿಟಕಿಯ ಮುಂದೆ ನಿಂತಳು. "ದ ಕ್ಲಾಕ್ ಈಸ್ ಡನ್" ಎಂದು ಯಾರಿಗೂ ಅಲ್ಲದಂತೆ ಹೇಳಿಕೊಂಡಳು. ಗಾಜಿನ ಮೇಲಿಟ್ಟ ಅವಳ ಬೆರಳುಗಳು ಆಗಾಗ ಮೆಲ್ಲಗೆ ಎಗರುತ್ತಿದ್ದವು.

ನಾನು ಕಾಫಿ ಫಿಲ್ಟರಿಗೆ ಬಿಸಿನೀರು ಹಾಕುತ್ತಿದ್ದೆ. ಅತ್ತೆ ಊಟದ ಮೇಜಿನಲ್ಲಿ ಕೂತು ಹುಬ್ಬಳ್ಳಿಯ ತಂಗಿಯ ಜೊತೆ ಫೋನಿನಲ್ಲಿದ್ದರು. ನಮ್ಮ ಭಾನುವಾರದ ಬೆಳಗು ಅವರ ಭಾನುವಾರದ ರಾತ್ರಿ, ವಾರದ ಸುದ್ದಿಯೆಲ್ಲ ಆಗಲೇ.

"ಹೌದನು? ಲಗ್ನ ಮುಂದಕ್ಕ ಹಾಕಿದ್ರು? ಯಾಕಂತ?" ಅತ್ತೆ ಕೇಳಿದರು. ಆ ಕಡೆಯಿಂದ ಏನೋ ಉತ್ತರ ಬಂತು. "ಅಯ್ಯ, ಪಾಪ. ಮೇ ತಿಂಗಳಿಗೆ ಹೋತು ಅನ್ನು. ಹಾಲ್‌ನವರು ರೊಕ್ಕ ವಾಪಸ್ ಕೊಟ್ರೋ ಇಲ್ಲೋ?"

ಫಿಲ್ಟರು ತುಂಬಿ ನೀರು ಕಟ್ಟೆಯ ಮೇಲೆ ಹರಿಯಿತು. ಲಗ್ನ ಮುಂದಕ್ಕೆ ಹಾಕಿದರು, ಮೇ ತಿಂಗಳಿಗೆ ಹೋಯಿತು. ಮೀಟಿಂಗು ಮುಂದಕ್ಕೆ ಹಾಕುತ್ತೇವೆ, ಪರೀಕ್ಷೆ ಮುಂದಕ್ಕೆ ಹಾಕುತ್ತೇವೆ. ನಾನೂ ಹುಟ್ಟಿದಾಗಿನಿಂದ ಹಾಗೆಯೇ ಹೇಳಿಕೊಂಡು ಬಂದಿದ್ದೇನೆ. ಮುಂದಕ್ಕೆ ಹಾಕುವುದೆಂದರೆ ತಡ ಮಾಡುವುದು. ಗಡಿಯಾರ ಒಂದನ್ನು ಬಿಟ್ಟು ಪ್ರಪಂಚದ ಯಾವುದನ್ನು ಮುಂದಕ್ಕೆ ಹಾಕಿದರೂ ಅದು ತಡವಾಗಿಯೇ ಬರುತ್ತದೆ.

ಅವರು ಫೋನ್ ಇಡುವತನಕ ಕಾಯಲಿಲ್ಲ.

"ಅತ್ತೆ, ನಿನ್ನೆ ಇವಳನ್ನ ಎಷ್ಟು ಗಂಟೆಗೆ ಮಲಗಿಸಿದ್ರಿ?"

"ಒಂಬತ್ತಕ್ಕ."

"ಏಳಕ್ಕಲ್ವಾ?"

"ಏಳಕ್ಕ ಹೆಂಗ? ದಿನಾ ಎಂಟಕ್ಕ ಮಲಗೋ ಕೂಸು. ಕಾಲು ತಾಸು ಮುಂದಕ್ಕ ಹಾಕ್ತಾ ಹೋಗ್ರಿ ಅಂದಿ. ಬುಧವಾರ ಎಂಟೂಕಾಲು, ಗುರುವಾರ ಎಂಟೂವರಿ. ಹಂಗs ಏರಿಸ್ಕೋತ ಬಂದೆ." ನನ್ನ ಮುಖ ನೋಡಿ ಅವರ ದನಿ ಇಳಿಯಿತು. "ಮುಂಜಾನಿ ನೀ ಲಗೂ ಎಬ್ಬಸ್ತಿದ್ದಿ. ಇದೇನು ಪದ್ಧತಿ ಇಲ್ಲಿದು ಅಂತ ನನಗೂ ಅನಸ್ತು. ಡಾಕ್ಟರ್ ಹೇಳ್ಯಾರ ಅಂದಿದ್ದಿಯಲಾ, ಅದಕ್ಕ ಸುಮ್ಮನಾದೆ."

ಒಂದು ಕಡೆಯಿಂದ ಅವರು ಕಾಲು ಗಂಟೆ, ಇನ್ನೊಂದು ಕಡೆಯಿಂದ ನಾನು ಕಾಲು ಗಂಟೆ. ಮಗುವಿನ ನಿದ್ದೆಯನ್ನು ಎರಡೂ ತುದಿಯಿಂದ ನಾವಿಬ್ಬರೂ ಶ್ರದ್ಧೆಯಿಂದ ಕತ್ತರಿಸುತ್ತಾ ಬಂದಿದ್ದೆವು. ಪ್ರತಿ ದಿನ, ಒಂದಿನವೂ ತಪ್ಪಿಸದೆ. ಡಾಕ್ಟರು ಯಾವುದು ಬೇಡ ಎಂದಿದ್ದರೋ ಅದನ್ನೇ ಅವರ ಹೆಸರು ಹೇಳಿ ಮಾಡಿದ್ದೆವು. ನನಗೆ ಅತ್ತೆಯ ಮೇಲೆ ಸಿಟ್ಟು ಬರಲಿ ಎಂದು ಕಾದೆ, ಬಂದಿದ್ದರೆ ಹಗುರವಾಗುತ್ತಿತ್ತು. ಬರೀ ಹೆದರಿಕೆ ಬಂತು.

"ಈಗ ಮಲಗಿಸೋಣ" ಎಂದೆ. "ಈಗಲೇ. ಎಷ್ಟು ಹೊತ್ತು ಮಲಗ್ತಾಳೋ ಮಲಗಲಿ."

"ಬಟ್ ಇಟ್ಸ್ ಮಾರ್ನಿಂಗ್" ಎಂದು ಮಗಳು ಕಿಟಕಿ ಬಿಟ್ಟು ಬರಲೊಲ್ಲಳು. ಅತ್ತೆ ಅವಳನ್ನು ಎತ್ತಿಕೊಂಡರು. ಆರು ವರ್ಷದ ಮಗುವನ್ನು ಎತ್ತುವ ಸೊಂಟ ಅಲ್ಲ ಅವರದು. ಕೋಣೆಯ ಪರದೆ ಎಳೆದು, ಪಕ್ಕದಲ್ಲಿ ಮಲಗಿ, ಬೆನ್ನು ತಟ್ಟತೊಡಗಿದರು. ಈಜುಡುಗೆ ಬಿಚ್ಚಲು ಅವಳು ಬಿಡಲಿಲ್ಲ. ಸ್ವಲ್ಪ ಹೊತ್ತಿಗೆ ತಟ್ಟುವ ಸದ್ದು ನಿಂತಿತು, ನಿದ್ದೆ ಬಂತು ಎಂದು ಅತ್ತೆ ಬಾಗಿಲಿಂದಲೇ ಕೈಸನ್ನೆ ಮಾಡಿ ಮತ್ತೆ ಒಳಗೆ ಹೋದರು.

ರಜೆಯ ದಿನದ ಪಾಳಿಯಲ್ಲಿದ್ದ ಡಾಕ್ಟರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಕನ್ನಡದ ಪದವೊಂದರಿಂದ ಹೀಗಾಯಿತು ಎಂದು ಇಂಗ್ಲಿಷಿನಲ್ಲಿ ವಿವರಿಸುವುದು ಹೇಗೆ? ಬಿಟ್ಟುಬಿಟ್ಟೆ. ಮಗು ನಿದ್ದೆಗೆಟ್ಟಿದೆ ಎಂದಷ್ಟೇ ಹೇಳಿದೆ. ತಾನಾಗಿ ಏಳುವವರೆಗೆ ಎಬ್ಬಿಸಬೇಡಿ, ಏಳುವ ಗಳಿಗೆಯಲ್ಲಿ ಯಾರಾದರೂ ಹತ್ತಿರವಿರಿ ಎಂದರು. ಬೆಂಗಳೂರಿಗೆ ಫೋನ್ ಮಾಡಿದೆ. ಗಂಡ ಪೂರ್ತಿ ಕೇಳಿಸಿಕೊಂಡು, "ಅಮ್ಮಗ ಏನೂ ಅನಬ್ಯಾಡ" ಎಂದ. "ಅಂದದ್ದೇ ನಾನು, ಅವರು ಕೇಳಿದ್ದನ್ನ ಮಾಡಿದ್ರು" ಎಂದು ಫೋನಿಟ್ಟೆ.

ಆಮೇಲೆ ಮಾಡಲು ಏನೂ ಉಳಿಯಲಿಲ್ಲ. ಹೊರಗೆ ಬಿಸಿಲು ಚೆನ್ನಾಗಿತ್ತು. ಕೆಳಗೆ ಯಾರೋ ಈಜುಕೊಳದ ಹೊದಿಕೆ ಸುತ್ತಿಡುತ್ತಿದ್ದರು, ವರ್ಷದ ಮೊದಲ ಸಲ ಇರಬೇಕು. ಗೋಡೆಯ ಗಡಿಯಾರ ಒಂದು ಹೇಳುತ್ತಿತ್ತು, ಕೈಯಲ್ಲಿದ್ದ ಫೋನು ಇನ್ನೊಂದು. ಎರಡರಲ್ಲೂ ನಿಮಿಷ ಮಾತ್ರ ಒಂದೇ. ಮಗಳು ಮಲಗಿದ್ದಳು, ಇನ್ನೂ ಮಲಗಿದ್ದಳು. ಪ್ರತಿ ನಿಮಿಷಕ್ಕೂ ನನ್ನ ಎದೆ ಚೂರುಚೂರೇ ಹಗುರವಾಗುತ್ತಾ ಬಂತು. ಕಳೆದುಕೊಂಡ ನಿದ್ದೆಯನ್ನು ತುಂಬಿಕೊಳ್ಳುತ್ತಿದ್ದಾಳೆ, ದಾಟಿಬಿಡುತ್ತೇವೆ ಎಂದು ಅನ್ನಿಸತೊಡಗಿತು. ಎದ್ದ ಮೇಲೆ ತಿನ್ನಲಿ ಎಂದು ದೋಸೆಹಿಟ್ಟು ಹೊರಗೆ ತೆಗೆದಿಟ್ಟೆ.

"ಬಾ ಇಲ್ಲೆ" ಎಂದು ಅತ್ತೆ ಕರೆದರು. ಕೂಗಲಿಲ್ಲ, ದನಿ ಏರಿಸಲೂ ಇಲ್ಲ. "ಏಳಲಿಕ್ಕೆ ಹೊಂಟಿದ್ಲು. ಅದು ಬಂತು."

ನಾನು ಹೋಗುವಷ್ಟರಲ್ಲಿ ಅವರು ನಾನು ಹೇಳಿಕೊಟ್ಟಿದ್ದ ಹಾಗೆ ಮಗುವನ್ನು ಎಡ ಮಗ್ಗುಲಿಗೆ ತಿರುಗಿಸಿದ್ದರು, ದಿಂಬು ತೆಗೆದಿದ್ದರು. ನೀಲಿ ಉಡುಗೆಯೊಳಗೆ ಆ ಪುಟ್ಟ ಮೈ ಸೆಟೆದು ಸೆಟೆದು ಅದುರುತ್ತಿತ್ತು. ನಾನು ಬೆನ್ನ ಮೇಲೆ ಕೈಯಿಟ್ಟು ಫೋನಿನಲ್ಲಿ ಹೊತ್ತು ನೋಡುತ್ತಾ ಕೂತೆ. ಅದೊಂದೇ ನಾನು ಮಾಡಬಹುದಾಗಿದ್ದದ್ದು. ಮಗಳ ಮುಷ್ಟಿ ಖಾಲಿಯಾಗಿತ್ತು. ಕೀ ಗೊಂಚಲು ಅತ್ತೆಯ ಕೈಯಲ್ಲೇ ಇತ್ತು. ಅವರು ಅದನ್ನು ಮಗುವಿಗೆ ಕೊಡದೆ, ತಮ್ಮ ಮುಷ್ಟಿಯಲ್ಲೇ ಗೆಣ್ಣು ಬಿಳಿಚುವಂತೆ ಹಿಸುಕಿ ಹಿಡಿದಿದ್ದರು. ಕೊಡಿ ಅತ್ತೆ, ಕೊಟ್ಟುಬಿಡಿ ಎನ್ನಬೇಕೆನ್ನಿಸಿತು.

ಆಂಬುಲೆನ್ಸು ಬೇಕಾಗುವ ಮುಂಚೆ ನಿಂತಿತು. ನಮ್ಮ ಡಾಕ್ಟರೇ ಅಂದು ಫೋನಿನಲ್ಲಿ ಸಿರಪ್ಪಿನ ಅಳತೆ ಹೆಚ್ಚಿಸಿದರು. ನೀರಿನ ವಿಷಯ ನಾನು ಕೇಳುವ ಮೊದಲೇ ಅವರೇ ಎತ್ತಿದರು. ಈಗ ಎಲ್ಲ ಮೊದಲಿಂದ ಶುರು, ನವೆಂಬರಿನ ಗಡಿಯಾರವೂ ಕಳೆಯಲಿ, ಆಮೇಲೆ ನೋಡೋಣ.

ಮಗಳು ಮಂಪರಿನಲ್ಲಿ ಮಲಗಿದ್ದಳು. ಅತ್ತೆ ಅಡುಗೆಮನೆಯಲ್ಲಿ ನಾನು ಚೆಲ್ಲಿದ್ದ ನೀರನ್ನು ಒರೆಸುತ್ತಿದ್ದರು. ಒರೆಸಿದಲ್ಲೇ ಮತ್ತೆ ಒರೆಸುತ್ತಾ ಕೇಳಿದರು, "ಹಂಗಾದ್ರ ಏನನ್ನಬೇಕಿತ್ತು?"

"ಮುಂಚೆ ಅನ್ನಬೇಕಿತ್ತು, ಅತ್ತೆ. ದಿನಾ ಕಾಲು ಗಂಟೆ ಮುಂಚೆ."

"ಮುಂಚೆ" ಎಂದರು ಅವರು. ತಮಗೇ ಹೇಳಿಕೊಂಡಂತೆ ಇನ್ನೊಮ್ಮೆ ಹೇಳಿದರು. "ಮುಂದೆ, ಮುಂಚೆ. ಒಂದು ಅಕ್ಷರ."

ಸಂಜೆಯ ಬಿಸಿಲು ಇನ್ನೂ ಇತ್ತು. ಗಡಿಯಾರ ಬದಲಾದ ದಿನ ಸಂಜೆ ಮುಗಿಯುವುದೇ ಇಲ್ಲ. ಕಿಟಕಿಯಿಂದ ನೀರಿನ ಸದ್ದು, ಮಕ್ಕಳ ಕೇಕೆ ಬರುತ್ತಿತ್ತು. ಮಗಳು ಕಣ್ಣು ಬಿಟ್ಟಳು. ನಾಲಿಗೆ ಕಚ್ಚಿಕೊಂಡಿದ್ದರಿಂದ ಮಾತು ದಪ್ಪವಾಗಿತ್ತು. ತನ್ನ ಮೈಮೇಲಿನ ನೀಲಿ ಉಡುಗೆ ಮುಟ್ಟಿ ನೋಡಿಕೊಂಡಳು.

"ಪೂಲ್?" ಎಂದಳು.

ನಾನು ಅವಳ ಹಣೆಯ ಕೂದಲು ಸರಿಸಿದೆ. "ಈಗ ಬೇಡ ಪುಟ್ಟಿ."

ಅವಳು ನನ್ನ ಮುಖ ನೋಡಿದಳು. ಅತ್ತೆ ಬಿಸಿಹಾಲು ಹಿಡಿದು ಬಾಗಿಲಲ್ಲಿ ಬಂದು ನಿಂತಿದ್ದರು.

"ಮುಂದಕ್ಕ?" ಎಂದು ಕೇಳಿದಳು. ಕನ್ನಡ ಆಡದ ನನ್ನ ಮಗಳು, ಥೇಟು ಅಜ್ಜಿಯ ಧಾರವಾಡದ ದನಿಯಲ್ಲಿ.

"ಹೌದು, ಮುಂದಕ್ಕೆ."

ಅದೇನೂ ದೊಡ್ಡ ವಿಷಯವಲ್ಲ ಎಂಬಂತೆ ತಲೆಯಾಡಿಸಿದಳು. ಈ ವಾರವೆಲ್ಲ ಮುಂದಕ್ಕೆ ಹಾಕಿದ್ದರಲ್ಲಿ ಅವಳಿಗೆ ಒಳ್ಳೆಯದೇ ಆಗಿತ್ತು, ಆಟ ಸಿಕ್ಕಿತ್ತು, ಅಜ್ಜಿ ಸಿಕ್ಕಿದ್ದಳು. ಬಾಗಿಲ ಕಡೆ ತಿರುಗಿ ಅಜ್ಜಿಯನ್ನೇ ಕೇಳಿದಳು.

"ಹೌ ಮೆನಿ ಕಾಲು ತಾಸು, ಅಜ್ಜಿ?"

ಅತ್ತೆ ಹಾಲಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತೇ ಇದ್ದರು.